ನಳ ಬಾರದ ಹದಿನೇಳನೇ ದಿನ

ಬೆಟಗೇರಿಯ ಮಗ್ಗ ಇನ್ನೂ ಮಲಗಿರತಾವ,
ಅಷ್ಟೊತ್ತಿಗೆ ಅಜ್ಜಾರು ಎದ್ದಿರತಾರ.
ಗೋಡಿ ಹಿಡದು, ಕತ್ತಲದಾಗ,
ಹಿತ್ತಲ ಜಳಕದ ಕಲ್ಲಿನ ತನಕ ಹದಿನಾಲ್ಕು ಹೆಜ್ಜಿ.
ಅದನ್ನ ಮಾತ್ರ ಕಾಲು ಮರತಿಲ್ಲ.

ಒಂದು ಬಕೀಟು ಜಳಕಕ್ಕ,
ಅರ್ಧ ಮಡಿ ಹಿಂಡಾಕ,
ತಾಮ್ರದ ತಂಬಿಗಿ ಒಂದು, ಪೂಜಿಗೆ.
ಲೆಕ್ಕ ನಂದು. ಬ್ಯಾರಲ್ಲಿನ ಮ್ಯಾಲ ಸೀಮಿಸುಣ್ಣದಲೆ
ಗೀಟು ಎಳದೀನಿ, ದಿನಕ್ಕೊಂದು.
ನೀರು ಗೀಟಿನ ಕೆಳಗ ಇಳದ್ರ
ನನ್ನ ಎದಿನೂ ಇಳೀತೈತಿ.

ಎಂಟರ ಹೊತ್ತಿಗೆ ಮಗ್ಗ ಖಟಪಟ ಹಚ್ಚತಾವ.
ಅಜ್ಜಾರು ವಿಭೂತಿ ಧರಿಸಿ, ಕರಡಿಗಿ ಬಿಚ್ಚಿ,
ಎಡಗೈಯಾಗ ಲಿಂಗ ಇಟ್ಟು ಕುಂತ್ರಂದ್ರ
ಓಣಿಯ ಸಪ್ಪಳ ಹೊಸ್ತಲ ದಾಟಾಂಗಿಲ್ಲ.
ಮುಗದ ಮ್ಯಾಲ ಒಂದು ರೊಟ್ಟಿ, ಪುಂಡಿಪಲ್ಯ,
ಗೋಡಿಗೆ ಆತು ಒಂದು ಝೊಂಪು.
ಎದ್ದು ಕೇಳತಾರ:
"ಅಡಿವೆಯ್ಯಾ, ನೀರು ತಾರಪಾ. ಪೂಜಿ ಹೊತ್ತು ಮೀರೈತಿ."

ಅಡಿವೆಯ್ಯ ಲಿಂಗೈಕ್ಯ ಆಗಿ ಮೂವತ್ತು ವರ್ಷ.
ನಾನು ಪತ್ರಯ್ಯ, ಮುಳಗುಂದದಾವ,
ಎಸ್ಸೆಸ್ಸೆಲ್ಸಿ ಫೇಲಾಗಿ ಬಂದಾವ,
ಎರಡು ಹೊತ್ತು ಪ್ರಸಾದಕ್ಕ ಕೊರತಿ ಇಲ್ಲಂತ.

ಮೊದಲ ವಾರ ಹೇಳಿ ನೋಡಿದೆ: "ಆಗೇತ್ರಿ ಅಜ್ಜಾರ."
ಹಣಿಯ ವಿಭೂತಿ ಅವರ ಬೆರಳಿಗೇ ಮುಟ್ಟಿಸಿದೆ,
ಕಟ್ಟಿಮ್ಯಾಲಿನ ಕಣಗಿಲ ತೋರಿಸಿದೆ.
ಬೆರಳು ನೋಡಿಕೊಂಡು ಅಂದರು,
"ಇದು ನಿನ್ನಿದು."
ಹಾಲು ಕೇಳಿ ಬೈಸಿಕೊಂಡ ಕೂಸಿನ ಮಾರಿ.

ಟ್ರಸ್ಟಿನವರು ಬಂದು ತಾಕೀತು ಮಾಡಿ ಹೋದರು:
"ಪತ್ರಯ್ಯಾ, ದಿನಕ್ಕ ಒಂದs ಪೂಜಿ.
ಟ್ಯಾಂಕರಿಗೆ ಎಂಟನೂರು ಕೊಡಾವರ್ಯಾರು?"
ಡಾಕ್ಟರು ನೆನಪಿನ ಗುಳಿಗಿ ಬರದರು.
ಅಜ್ಜಾರು ಗುಳಿಗಿ ನುಂಗೋದನ್ನೂ ಮರತರು.
ಒಂದು ಮಂಗಳವಾರ ಐದು ಸಲ ಆತು.
ಐದನೇದೂ ಮೊದಲನೇದರ ಹಂಗs,
ಅದs ಅವಸರ, ಅದs ನಡುಗೋ ಕೈ,
ಪತ್ರಿಯ ಮೂರೂ ಎಲಿ ಸರಿ ಅದಾವಿಲ್ಲೋ ಅಂತ
ಬೆಳಕಿಗೆ ಹಿಡದು ನೋಡೋದು.

ಹದಿನೇಳನೇ ದಿನ ಬ್ಯಾರಲ್ಲಿನ ತಳದಾಗ
ಒಂದೀಟು ರಾಡಿ, ಒಂದು ಇರುವಿ, ನನ್ನ ಮಾರಿ.
ಮೂರನೇ ಸಲ ಕರದರು: "ಕೊಟ್ರಯ್ಯಾ, ನೀರು."
ಖಾಲಿ ತಂಬಿಗಿ ಕೊಟ್ಟೆ.
ಸಿಟ್ಟಿನಾಗ ಅಲ್ಲ, ಲೆಕ್ಕದಾಗ.

ಬಗ್ಗಿಸಿದರು.
ಏನೂ ಬೀಳಲಿಲ್ಲ.
ನೀರು ಬೀಳಾಕ ಎಷ್ಟು ಹೊತ್ತು ಬೇಕೋ
ಅಷ್ಟು ಹೊತ್ತು ತಂಬಿಗಿ ಬಗ್ಗೇ ಇತ್ತು,
ತುಟಿ ಅಲುಗತಿದ್ದವು.
ಆಮ್ಯಾಲ ಶಲ್ಯದ ಚುಂಗಿಲೆ ಲಿಂಗ ಒರಸಿದರು,
ಎರಡು ಸಲ, ಪಸಿ ಉಳೀಬಾರದು ಅನ್ನೋ ಹಂಗ.
"ಇವತ್ತ ನೀರು ಭಾಳ ತಂಪದಾವು," ಅಂದರು.
ನನ್ನ ಕಡೆ ನೋಡಿದರೋ, ನನ್ನ ಹಿಂದಿನ ಗೋಡಿಯ ಕಡೆಗೋ.
ಚ್ಯಾಷ್ಟಿ ಇದ್ದರೂ ಇರಬಹುದು.
ಮರೆವಿನಾಗ ಚ್ಯಾಷ್ಟಿ ಉಳದಿರತೈತೋ ಇಲ್ಲೋ,
ಡಾಕ್ಟರಿಗೆ ಕೇಳಬೇಕು.

ಸಂಜಿಕೆ ನಾನೂ ಕುಂತೆ.
ಕರಡಿಗಿ ಬಿಚ್ಚಿದೆ, ಲಿಂಗ ಅಂಗೈಗೆ ಬಂತು.
ಟ್ಯಾಂಕರಿನಾವ ಫೋನ್ ಎತ್ತತಾನೋ ಇಲ್ಲೋ,
ಪತ್ರಿ ತರೋ ಹುಡುಗ್ಗ ನಲವತ್ತು ಬಾಕಿ,
ಜ್ವಾಳದ ಚೀಲಕ್ಕ ಇಲಿ ಬಿದ್ದಾವು.
ಕರಡಿಗಿ ಕಟ್ಟಿ ಕೊಳ್ಳಿಗೆ ಹಾಕ್ಕೊಂಡು
ಗಂಟು ಮುಟ್ಟಿ ನೋಡಿದೆ:
ಇದು ಇವತ್ತಿಂದೋ, ನಿನ್ನಿದೋ?

ರಾತ್ರಿ ಎರಡೂವರಿಗೆ ಓಣ್ಯಾಗ ಯಾರೋ ಒದರಿದರು,
"ನಳಾ ಬಂದಾವs!"
ಎಲ್ಲಾರ ಬಾಗಲಾ ಒಮ್ಮೆಲೆ ತಗದವು.
ಕೊಡ, ಹಂಡೆ, ಪಾತೇಲಿ,
ನೇಕಾರರ ಮನಿಯ ಬಣ್ಣದ ಡಬ್ಬಿ,
ನಮ್ಮ ಮಠದ ಗಂಗಾಳ ಸೈತ.
ಗೀಟೆಲ್ಲಾ ಮುಳಗಿ ಬ್ಯಾರಲ್ ತುಂಬಿತು.
ಕಡೀಕ ತಾಮ್ರದ ತಂಬಿಗಿ ಹಿಡದು
ತುಂಬಿದ ಮ್ಯಾಲೂ ಸರಸದ ನಿಂತೆ,
ಕೈಮ್ಯಾಲ ಹರಕೋತ ಹೋತು ನೀರು.

ಸಪ್ಪಳಕ್ಕ ಎದ್ದಿದ್ದರು.
ಗೋಡಿ ಹಿಡದು, ಕತ್ತಲದಾಗ,
ಹನ್ನೊಂದು, ಹನ್ನೆರಡು, ಹದಿಮೂರು...
"ಯಾರಪಾ ಅದು? ಪೂಜಿ ಹೊತ್ತಾತೇನು?"

"ಆತ್ರಿ ಅಜ್ಜಾರ," ಅಂದೆ.
"ನಾನ್ರಿ, ಅಡಿವೆಯ್ಯ. ನೀರು ತಂದೀನಿ."