ಮಗ್ಗುಲು

ಸಲೀಮಾದ ರಸ್ತೆಗಳು ಕೂಡುವಲ್ಲಿ ನನ್ನ ಹೊಲಿಗೆ ಮಿಷನ್ನು.
ಆರು ಗಂಟೆಗೆ ಇಲ್ಲಿ ಕತ್ತಲು ನಡೆದು ಬರುವುದಿಲ್ಲ,
ಯಾರೋ ಮೇಲಿಂದ ಚೀಲ ಬಿಚ್ಚಿ ಸುರಿದ ಹಾಗೆ ಬೀಳುತ್ತದೆ.
ಕರೆಂಟು, ಇದ್ದರೆ ಇದ್ದೀತು.

ತಮ್ಮ ಲಿಂಬಿಕಾನಿ ಕಬಾಜಾ ಓಡಿಸುತ್ತಾನೆ,
ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಜನ ಹೊರುವ ಕೆಲಸ.
ಕ್ಯಾರಿಯರಿನ ದಿಂಬಿಗೆ ನಾನೇ ಹೊಲಿದ ಹೂವಿನ ಗವಸು.
ಹೆಂಗಸರು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುತ್ತಾರೆ,
ಬೆನ್ನಿಗೆ ಚಿತೆಂಜೆಯಲ್ಲಿ ಕಟ್ಟಿದ ಕೂಸು,
ಮಡಿಲಲ್ಲಿ ಸರೋವರದ ಒಣಮೀನು.
ಮುಂದೆ ದೀಪ ಇದೆ. ಹಿಂದೆ ಕೆಂಪು ಗಾಜಿದೆ.
ಪೊಲೀಸರು ಕೇಳುವುದೂ ಅಷ್ಟನ್ನೇ.

ನಾನು ಕೂತಿರುವುದು ಮಗ್ಗುಲಲ್ಲಿ.
ಇಲ್ಲಿಂದ ನೋಡಿದರೆ
ನನ್ನ ತಮ್ಮ ಇಲ್ಲ.
ಚೈನು ಕಿರುಗುಟ್ಟಿದ್ದು ಕೇಳುತ್ತದೆ,
ಮೀನಿನ ವಾಸನೆ ಹಾದುಹೋಗುತ್ತದೆ, ಅಷ್ಟೆ.

ಜೂನಿನಲ್ಲಿ ಬ್ರೆಡ್ಡಿನ ಮಟೆಂಜೆ ಹೋದದ್ದು ಹೀಗೇ.
ಸಕ್ಕರೆ ಲಾರಿ ಅಡ್ಡರಸ್ತೆಯಿಂದ ಬಂತು.
ಡ್ರೈವರ್ ಮಣ್ಣಲ್ಲಿ ಕೂತು ಅತ್ತ:
ದೀಪ ಇತ್ತಂತೆ, ನಾನು ಕಾಣಲಿಲ್ಲ.
ಇತ್ತು. ಆಗಲೂ ಉರಿಯುತ್ತಿತ್ತು,
ಚರಂಡಿಯ ಕಡೆ ಮುಖ ಮಾಡಿ,
ಯಾರೂ ಇಲ್ಲದ ಕಡೆಗೆ
ಚೊಕ್ಕವಾಗಿ ದಾರಿ ತೋರಿಸುತ್ತ.

ಆಮೇಲೆ ಹಳೆ ಬಟ್ಟೆಯ ಮೂಟೆಯಲ್ಲಿ
ರಸ್ತೆ ಕೆಲಸದವರ ಕಿತ್ತಳೆ ಅಂಗಿಯೊಂದು ಸಿಕ್ಕಿತು.
ಬೆನ್ನ ಮೇಲೆ ಯಾವುದೋ ದೇಶದ ಅಕ್ಷರ,
ಎದೆಗೆ, ಸೊಂಟಕ್ಕೆ ಬೂದಿ ಬಣ್ಣದ ಪಟ್ಟಿ.
ಎರಡು ಸಾವಿರ ಕ್ವಾಚಾ ಅಂದ, ಸಾವಿರದಿನ್ನೂರಕ್ಕೆ ತಂದೆ.
ಹೊಲಿಗೆ ಒಂದೊಂದಾಗಿ ಬಿಚ್ಚಿದೆ.
ಈ ಪಟ್ಟಿಗೆ ಸ್ವಂತ ಬೆಳಕೆಂಬುದಿಲ್ಲ,
ಕಡ ತಂದ ಬೆಳಕನ್ನು
ಕೊಟ್ಟವನಿಗೇ ನಿಂತ ನಿಲುವಲ್ಲಿ ತೀರಿಸುತ್ತದೆ.
ನನ್ನ ಗಿರಾಕಿಗಳಲ್ಲಿ ಅಂಥವರು ಒಬ್ಬರೂ ಇಲ್ಲ.

ತುಂಡು ಕತ್ತರಿಸಿ ಕಡ್ಡಿಗಳಿಗೆ ಮಡಿಚಿ ಅಂಟಿಸಿದೆವು,
ಚಕ್ರಕ್ಕೆ ಎಂಟು.
ಶಾಲೆಯ ಹಿಂದಿನ ಬಯಲಿಗೆ ಹೋದೆವು.
ಲಿಂಬಿಕಾನಿಯ ಮಗ ಯಾಂಖೊ ಲಾರಿಯಾದ.
ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿಯೋ, ಅಂದೆ.
ಹಿಡಿದ. ಗುರ್ರೆಂದು ಗೇರೂ ಹಾಕಿದ.

ಏನು ಕಾಣ್ತದೆ?
ಎರಡು ತಟ್ಟೆ ಅತ್ತೆ, ಉರುಳಿಕೊಂಡು ಹೋಗ್ತಿವೆ.
ಮತ್ತೆ?
ತಟ್ಟೆ ಅಷ್ಟೆ.
ಮೇಲೆ ಯಾರಾದರೂ?
ಯಾರೂ ಇಲ್ಲ.

ತಟ್ಟೆಗೆ ಯಾವ ಲಾರಿ ನಿಲ್ಲುತ್ತದೆ?
ತಟ್ಟೆಯಾದರೆ ಹೆಂಡತಿ ಬಯ್ಯುತ್ತಾಳೆ, ಇನ್ನೊಂದು ಕೊಂಡರಾಯಿತು.

ಉಳಿದ ಪಟ್ಟಿಯನ್ನು ಅವನ ಕಣಕಾಲಿಗೆ ಸುತ್ತಿ
ಅಲ್ಲೇ ಕತ್ತಲಲ್ಲಿ, ಬೆರಳಿಗೆ ಸೂಜಿ ಚುಚ್ಚಿಕೊಂಡು,
ಪ್ಯಾಂಟಿನ ಅಂಚಿಗೇ ಹೊಲಿದುಬಿಟ್ಟೆ.
ಈಗ ಹೋಗು.

ಹೋದ.
ಯಾಂಖೊ ಗೇರು ಬದಲಿಸುವುದು ಮರೆತ.
ಕತ್ತಲ ನಡುವೆ ಒಂದು ಏರಿತು, ಒಂದು ಇಳಿಯಿತು,
ಇಳಿದದ್ದು ಏರಿತು,
ಯಾರೋ ಗಾಳಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದರು,
ಹತ್ತಿಯೂ ಎತ್ತರಕ್ಕೆ ಹೋಗದೆ.

ಕಾಲು! ಅಂದ. ಆಮೇಲೆ ಮೆಲ್ಲಗೆ,
ಬಲಗಾಲು ಹೊರಗೆ ಚೆಲ್ಲುತ್ತೆ, ಅತ್ತೆ.
ನಮ್ಮಪ್ಪಂದೇ.

ಬೆಳಗಾಗುವುದರೊಳಗೆ ಸುದ್ದಿ ಹಬ್ಬಿ
ಹನ್ನೊಂದು ಕಬಾಜಾ ನನ್ನ ಮಿಷನ್ನಿನೆದುರು.
ಅಂಗಿ ಒಂದೇ ಇದ್ದದ್ದು. ಕಾಲುಗಳು ಇಪ್ಪತ್ತೆರಡು.
ಒಬ್ಬೊಬ್ಬರಿಗೆ ನಾಲ್ಕು ಬೆರಳಗಲ ಕೊಟ್ಟೆ, ಬಯ್ಯಿಸಿಕೊಂಡೆ.

ಈಗ ಡ್ರಾಯರಿನಲ್ಲಿ ಒಂದೇ ತುಂಡಿದೆ, ಗೇಣುದ್ದ.
ಮಟೆಂಜೆಯ ಸೈಕಲ್ಲನ್ನು ನೆಟ್ಟಗೆ ಮಾಡಿಸಿಕೊಂಡು
ಅವನ ಮಗಳು ಬ್ರೆಡ್ಡು ಮಾರುತ್ತಾಳೆ, ನಸುಕು ನಾಲ್ಕಕ್ಕೆ.
ಅವಳು ಕೇಳಿಲ್ಲ. ನಾನೂ ಕರೆದಿಲ್ಲ.
ಗೇಣುದ್ದ ಎರಡು ಕಾಲಿಗೆ ಬರುವುದಿಲ್ಲ,
ಒಂದಕ್ಕಾದರೆ ಸರಿಹೋಗುತ್ತದೆ.

ಕತ್ತರಿ ಕೈಯಲ್ಲಿ ಹಿಡಿದು ಕೂತಿದ್ದೇನೆ.
ಬೇಕರಿಯಿಂದ ಬರುವಾಗ ಸಕ್ಕರೆ ಲಾರಿ
ಅವಳ ಯಾವ ಮಗ್ಗುಲಿಗೆ ಸಿಗುತ್ತದೋ,
ಯಾರನ್ನಾದರೂ ಕೇಳಬೇಕು.