ನೆನೆಸಿದ ಅವಲಕ್ಕಿ

ಟಿಕೆಟು ದೊಡ್ಡವರಿಗೆ ಇಪ್ಪತ್ತು, ಮಕ್ಕಳಿಗೆ ಹತ್ತು.
ಅತ್ತೆ ಮೊಣಕೈಯಿಂದ ತಿವಿದರೂ ದೇಜಪ್ಪ ಮಾವ
ಹಳೆಯ ಗುರುತುಚೀಟಿ ತೆಗೆಯಲಿಲ್ಲ.
ಇಪ್ಪತ್ತರ ನೋಟೇ ಕೊಟ್ಟರು.

ಬೇಕಲದಾಚೆ, ಮರಳಲ್ಲಿ, ಸಿಮೆಂಟಿನ ಕಾಲ ಮೇಲೆ ಹಡಗು
ಹೊಸ ಬೂದು ಬಣ್ಣ ಬಳಿಸಿಕೊಂಡು
ಎರಡನೇ ಸಂಬಂಧಕ್ಕೆ ಹೊರಟವನ ಹಾಗೆ.
ಅಲೆ ಹತ್ತಿರ ಬಂದು ನೋಡಿ
ಮುಟ್ಟದೆ ಹಿಂದೆ ಹೋಗುತ್ತಿತ್ತು.

ಫಲಕಗಳಲ್ಲಿ ಮಲಯಾಳ, ಹಿಂದಿ, ಇಂಗ್ಲಿಷು.
ಪ್ರಖ್ಯಾತ ಓದಿ ನಮಗೆ ಕನ್ನಡದಲ್ಲಿ ಹೇಳಿದ, ಅತ್ತೆಗೆ ತುಳುವಿನಲ್ಲಿ:
ಇದು ಲಂಗರು. ಇದು ಕಪ್ತಾನ ಮಲಗುವುದು. ಇದು, ಅಜ್ಜೀ, ತೋಪು!
ಅದರ ಮೇಲೆ ಹತ್ತಿ ಕೂತ ನಿಶ್ಮಿತಾಳನ್ನು
"ತೊಡರುದ್ ಮೋಳೇ" ಎಂದು ಕಾವಲಿನವ ಇಳಿಸಿದ.

"ಅಜ್ಜ, ನೀವು ಎಷ್ಟು ಜನರನ್ನು ಹೊಡೆದಿರಿ?"
ಉಪ್ಪಳದಲ್ಲಿ ರೈಲು ಹತ್ತಿದ ಮೇಲೆ ಇದು ಮೂರನೆಯ ಸಲ.
ಮಾವ ನೇವಿಯಲ್ಲಿದ್ದರು. ನಮಗೂ ಅಷ್ಟೇ ಗೊತ್ತು.
ಗೋಡೆಯ ಫೋಟೋದಲ್ಲಿ ಬಿಳಿ ಟೊಪ್ಪಿ, ಹಿಂದೆ ನೀರು.

ಅವರು ತೋಪಿನ ಕಡೆ ನೋಡಲೇ ಇಲ್ಲ.
ಕಬ್ಬಿಣದ ಏಣಿಯಲ್ಲಿ ಹಿಮ್ಮುಖವಾಗಿ ಇಳಿದರು;
ಹಾಗೇ ಇಳಿಯಬೇಕೆಂದು ಎಪ್ಪತ್ತೈದರ ಮಂಡಿಗೆ ನೆನಪಿತ್ತು.
ಎಡಕ್ಕೆ, ತಲೆ ಬಗ್ಗಿಸಿ, ಮತ್ತೆ ಎಡಕ್ಕೆ.
ಫಲಕವಿಲ್ಲದ ಒಂದು ಗೂಡು, ನಮ್ಮ ಬಚ್ಚಲಿಗಿಂತ ಸಣ್ಣದು.
ಒಳಗೆ ಪೊರಕೆ, ಫಿನಾಯಿಲು, ಕಾಲು ಮುರಿದ ಕುರ್ಚಿ.

"ಇಲ್ಲಿ" ಎಂದರು.
ಪೊರಕೆ ಸರಿಸಿ, ಒಲೆಯಿದ್ದ ಜಾಗದ ಸುತ್ತಲಿನ ಕಂಬಿಯನ್ನು
ಪಂಚೆಯ ಅಂಚಿನಿಂದ ಒರೆಸಿದರು:
ಕಡಲು ವಾಲಿದಾಗ ಸಾರಿನ ಪಾತ್ರೆ ಬೀಳಬಾರದು, ಅದಕ್ಕೆ ಇದು.
ನಾನು ಬೀಳದ ಹಾಗೆ ಆ ಪೈಪಿಗೆ ಬೆಲ್ಟು.
ಮೂವತ್ತೆಂಟು ಜನ. ಇಬ್ಬರಿಗೆ ಮೀನು ಆಗದು.

ಅತ್ತೆ ಹೊಸ್ತಿಲಲ್ಲೇ ನಿಂತರು.
ಈ ಮನುಷ್ಯನಿಗೆ ಒಂದು ಚಾ ಮಾಡಲೂ ಬಾರದೆಂದು
ನಲವತ್ತೈದು ವರ್ಷ ನಂಬಿಕೊಂಡು ಬಂದವರು.

ಯುದ್ಧದ ವರ್ಷ, ಡಿಸೆಂಬರಿನ ಒಂದು ರಾತ್ರಿ
ಎಂಜಿನ್ ನಿಲ್ಲಿಸಿ, ದೀಪ ಆರಿಸಿ ಕೂತಿದ್ದರಂತೆ.
ಒಲೆ ಹಚ್ಚಬಾರದು. ಕೆಮ್ಮಬಾರದು.
ನೀರಿನಡಿಯಲ್ಲಿ ಯಾರೋ ಕಿವಿಗೊಟ್ಟಿದ್ದಾರೆ.
ಮಾವ ಅವಲಕ್ಕಿ ತೆಗೆದರು, ಬೆಲ್ಲ ಬೆರಳಲ್ಲೇ ಪುಡಿ ಮಾಡಿದರು,
ಮತ್ತೆ ಏನೋ ಹೊಳೆದು ಅಷ್ಟಕ್ಕೂ ನೀರು ಸುರಿದರು.
ಮೂವತ್ತೆಂಟು ದವಡೆ ಒಟ್ಟಿಗೆ ಅಗಿದರೆ ಸದ್ದಲ್ಲವಾ ಮಾರಾಯ?
ಕತ್ತಲಲ್ಲಿ ಸಿಕ್ಕಿದ ಕೈಗೆಲ್ಲ ಉಂಡೆ ಮಾಡಿ ಇಟ್ಟರು.
ಒಂದು ಕೈ, ಯಾರದೋ, ಬೆವರಿ ನಡುಗುತ್ತಿತ್ತು.
ಅದಕ್ಕೆ ಎರಡು ಸಲ.

"ಆಮೇಲೆ?"
"ಬೆಳಗಾಯಿತು. ಪಾತ್ರೆ ತೊಳೆದೆ."

ಹಡಗಿನ ನೆರಳಲ್ಲಿ ಚಾಪೆ ಹಾಸಿ
ಪುಂಡಿ, ಬಂಗುಡೆ ಗಸಿ ಬಿಚ್ಚಿದೆವು.
ನೆರಳು ಸರಿದ ಹಾಗೆ ಚಾಪೆಯನ್ನೂ ಎಳೆದುಕೊಂಡೆವು.
"ಹುಳಿ ಒಂದು ಚೂರು ಜಾಸ್ತಿ" ಎಂದರು ಮಾವ,
ಮದುವೆಯಾದ ಮೇಲೆ ಮೊದಲ ಸಲ.
ಅತ್ತೆ ಅವರನ್ನೇ ನೋಡಿ, ಮಾತಾಡದೆ
ಇನ್ನೊಂದು ತುಂಡು ಬಡಿಸಿದರು. ನಡುವಿನ ತುಂಡು.

ಸಂಜೆಯ ಪ್ಯಾಸೆಂಜರು ಚಂದ್ರಗಿರಿ ಸೇತುವೆಯ ಮೇಲೆ ನಿಂತಿತು.
ಬೋಗಿಯ ದೀಪ ಹೋಯಿತು. ಕೆಳಗೆ ಹೊಳೆ, ಅದೂ ಕಪ್ಪು.
ನಿಶ್ಮಿತಾಳ ಬಾಯಲ್ಲಿ ಬಾಳೆಕಾಯಿ ಚಿಪ್ಸು.
ಪ್ರಖ್ಯಾತ ಅವಳ ತುಟಿಗೆ ಬೆರಳಿಟ್ಟ.
ಅವಳು ಅಗಿಯಲಿಲ್ಲ;
ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣರಳಿಸಿ,
ಅದು ಮೆತ್ತಗಾಗಲೆಂದು ಕಾದಳು.