ಮುನ್ನೂರ ಏಳರ ಬಕೆಟ್ಟು

ಉಮ್ ಅಲ್ ಕುವೈನಿನಲ್ಲಿ ನನ್ನ ಕೆಲಸ
ಜನ ಬಿಟ್ಟುಹೋದ ಮನೆಗಳ ವಾಸನೆ ತೆಗೆಯುವುದು.
ಮೆಂತೆ, ಊದು, ಹೊಗೆಸೊಪ್ಪು, ಕೂಸಿನ ಉಚ್ಚೆ,
ಹತ್ತು ವರ್ಷ ಕರಿದ ಎಣ್ಣೆ
ಅಡುಗೆಮನೆಯ ಗೋಡೆಗೆ ಜೇನಿನ ಹಾಗೆ ಅಂಟಿದ್ದು.
ಕೆರೆದು, ತೊಳೆದು, ಬಿಳಿ ಬಳಿದ ಮೇಲೆ
ಶಾಜಿಮೋನ್ ಬಂದು ಬಾಗಿಲಲ್ಲೇ ನಿಂತು
ಮೂಗು ಎತ್ತುತ್ತಾನೆ.
ಏನೂ ಬಾರದಿದ್ದರೆ ಸಹಿ.

ಮುನ್ನೂರ ಏಳರಲ್ಲಿ ಎಲ್ಲ ಮುಗಿದ ಮೇಲೂ
ಒಂದು ನಾತ.
ಮೋರಿ ಬಗ್ಗಿ ನೋಡಿದೆ, ಏಸಿಯ ಹೊಟ್ಟೆ ಬಿಚ್ಚಿದೆ,
ಇಲಿ ಸತ್ತಿರಬೇಕೆಂದು ಕಪಾಟು ಎಳೆದೆ.
ಕೊನೆಗೆ ಬಾಲ್ಕನಿಯಲ್ಲಿ, ವಾಷಿಂಗ್ ಮಶೀನು ಇದ್ದ ಮೂಲೆಯಲ್ಲಿ,
ಹಳದಿ ಆಟದ ಬಕೆಟ್ಟು. ಕಂಠಮಟ್ಟ ಚಿಪ್ಪು.
ಕಾಂಡ್ಲಾ ಗಿಡಗಳ ಬುಡದ ಕೆಸರಿನಿಂದ ಹೆಕ್ಕಿದ
ನೀಳ ಮೂತಿಯ ಶಂಖಗಳು,
ಆಗಸ್ಟಿನ ಬಿಸಿಲಲ್ಲಿ ಮೂರು ವಾರ.

ಬಕೆಟ್ಟಿನ ಮೇಲೆ ಟೇಪು, ಟೇಪಿನ ಮೇಲೆ ಅರಬ್ಬಿ ಅಕ್ಷರ.
ಫೋಟೊ ತೆಗೆದು ಮಿಸ್ಬಾನಿಗೆ ಕಳಿಸಿದೆ.
"ರಝಾನ್. ಹೆಣ್ಣುಮಗುವಿನ ಹೆಸರು," ಅಂದ.
"ಉಳಿದದ್ದು ಒದ್ದೆಯಾಗಿ ಅಳಿಸಿದೆ."
ಎಸೆ, ಎಂದ ಶಾಜಿಮೋನ್, ಕರವಸ್ತ್ರದೊಳಗಿಂದ.
ಎಸೆಯುತ್ತಿದ್ದೆ. ಆದರೆ ಬಾಗಿಲ ಚೌಕಟ್ಟಿನಿಂದ
ಅವಳ ಎತ್ತರದ ಗೆರೆಗಳನ್ನು ಆಗಷ್ಟೇ
ನಾನೇ ಒರೆಸಿ ಬಂದಿದ್ದೆ.

ಅಘನಾಶಿನಿಯ ಅಳಿವೆಯವನು ನಾನು.
ಬಳಚು ತಿಂದು ಬೆಳೆದ ಮೈ.
ನಮ್ಮಲ್ಲಿ ಚಿಪ್ಪಿನ ನಾತಕ್ಕೆ ಒಂದೇ ಮದ್ದು, ಸುಣ್ಣದ ಗೂಡು.
ಅಜ್ಜಿ ಬುಟ್ಟಿಗಟ್ಟಲೆ ಸುರಿದು ಬರುತ್ತಿದ್ದಳು;
ಬೆಂದು ಬೆಳ್ಳಗಾದ ಮೇಲೆ
ವೀಳ್ಯದೆಲೆಗೆ ಸವರುವವರು ಯಾರೂ
ಇದು ಯಾರ ಮನೆಯಾಗಿತ್ತು ಎಂದು ಕೇಳುತ್ತಿರಲಿಲ್ಲ.
ಚಿಪ್ಪನ್ನು ಉಳಿಸಿ ನಾತವನ್ನಷ್ಟೇ ಕಳಿಸುವುದು
ನನಗೂ ಹೊಸ ಪಾಠ.

ಮೊದಲು ಕುದಿಸಿದೆ, ಅವರದೇ ಪಾತ್ರೆಯಲ್ಲಿ,
ತೂಕ ಹೆಚ್ಚೆಂದು ಬಿಟ್ಟುಹೋದ ಅಲ್ಯೂಮಿನಿಯಂ ಪಾತ್ರೆ.
ಕ್ಯಾಂಪಿನ ಅಡುಗೆಮನೆ, ರಾತ್ರಿ ಎರಡು, ಕಳ್ಳನ ಹಾಗೆ.
ಡಿಲ್ಲಿರಾಮ ಎದ್ದು ಬಂದು ನೇಪಾಳಿಯಲ್ಲಿ ಬೈದ,
ಆಮೇಲೆ ಸೇಫ್ಟಿಪಿನ್ನು ಕೊಟ್ಟು ಪಕ್ಕದಲ್ಲೇ ಕೂತ.
ಚುಚ್ಚಿ, ತಿರುಗಿಸಿ, ಮೆಲ್ಲಗೆ ಎಳೆದರೆ
ಕೆಲವು ಬಂದವು, ಸುರುಳಿಗೆ ಸುರುಳಿ, ಪೂರ್ತಿ.
ಹೆಚ್ಚಿನವು ಅರ್ಧಕ್ಕೆ ಹರಿದವು.
ಫ್ರೀಜರಿನಲ್ಲಿಟ್ಟು ತೆಗೆದೆ, ಇಟ್ಟು ತೆಗೆದೆ,
ಡಬ್ಬಿಯ ಮೇಲೆ ಕನ್ನಡದಲ್ಲಿ 'ಔಷಧಿ' ಎಂದು ಬರೆದು.
ಓದಲು ಬರುವವನು ಮಿಸ್ಬಾ ಒಬ್ಬನೇ,
ಅವನು ಓದಿ ನಕ್ಕು ಸುಮ್ಮನಾದ.

ಕ್ಯಾಂಪಿನ ಹಿಂದಿನ ಮರಳಲ್ಲಿ ಹೂತೆ.
ಇರುವೆಗಳು ಬಂದವು. ನನ್ನ ಕೆಲಸವನ್ನು
ನನಗಿಂತ ಚೆನ್ನಾಗಿ ಬಲ್ಲವು, ಕಾರ್ಡು ಪಂಚು ಮಾಡದೆ.
ಕಡೆಗೆ ಕ್ಲೋರಾಕ್ಸು, ಅರ್ಧ ಮುಚ್ಚಳ, ಒಂದೇ ರಾತ್ರಿ.
ಹೆಚ್ಚಾದರೆ ಬಣ್ಣ ಹೋಗುತ್ತದೆ;
ಬಣ್ಣ ಹೋದ ಮೇಲೆ ಅದು ಬರಿ ಸುಣ್ಣ.

ನಲವತ್ತಮೂರರಲ್ಲಿ ನಲವತ್ತೆರಡು ಒಪ್ಪಿದವು.
ಕೊಬ್ಬರಿ ಎಣ್ಣೆ ಸವರಿದಾಗ
ಶಾಲೆಗೆ ಹೊರಟ ಮಕ್ಕಳ ತಲೆಯ ಹಾಗೆ ಹೊಳೆದವು.
ಬಕೆಟ್ಟನ್ನು ವಾಚ್‌ಮನ್ನನ ಮೇಜಿನ ಕೆಳಗೆ ಇಟ್ಟಿದ್ದೇನೆ,
ಟೇಪು ಕೀಳದೆ.
ಪತ್ರವೋ ಡಿಪಾಸಿಟ್ಟೋ ಕೇಳಿಕೊಂಡು
ಯಾರಾದರೂ ಬಂದಾರು.
ಬರುವುದಿಲ್ಲ ಎಂದು ವಾಚ್‌ಮನ್ನನಿಗೂ ಗೊತ್ತು,
ಆದರೂ ಕಾಲು ಮಡಚಿ ಕೂರುತ್ತಾನೆ, ತಾಗದ ಹಾಗೆ.

ಒಂದು ಮಾತ್ರ, ಎಲ್ಲಕ್ಕಿಂತ ಉದ್ದದ್ದು,
ಅದರ ತುದಿಯ ಕೊನೇ ಸುತ್ತಿಗೆ
ಪಿನ್ನೂ ಮುಟ್ಟಲಿಲ್ಲ, ಇರುವೆಯೂ ಮುಟ್ಟಲಿಲ್ಲ.
ಅದು ನನ್ನ ಕಿಟಕಿಯಲ್ಲಿದೆ.
ಗಾಳಿ ಬಿಗಿದು ಗಾಜು ಬೆವರುವ ರಾತ್ರಿ
ಸಣ್ಣಗೆ ಬರುತ್ತದೆ.
ಮೇಲಿನ ಮಂಚದಿಂದ ಮಿಸ್ಬಾ ಮೂಗೆಳೆದು
"ಯಾರೋ ಅದು?" ಅನ್ನುತ್ತಾನೆ.
"ಹಳೇ ಬಾಡಿಗೆಯವರು," ಅನ್ನುತ್ತೇನೆ. "ಮಲಗು."